ಡಬ್ಬಕ್ಕಿಂತ ಮುಂಚಿನ ವೈರು

ನೆಲ ಅಗೆಯುತ್ತ ಅಗೆಯುತ್ತ ನಾನು ಇಂಟರ್‌ನೆಟ್ ಕೆಲಸಕ್ಕೆ ಬಂದವಳು, ಕಂಪ್ಯೂಟರ್ ಕಲಿತು ಬಂದವಳಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಶಹಾಪುರದ ಕಡೆಯ ನಾವೊಂದಿಷ್ಟು ಜನ ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆವು. ಗುತ್ತಿಗೆದಾರ ಬೆಳಿಗ್ಗೆ ಲಾರಿಯಲ್ಲಿ ತುಂಬಿಕೊಂಡು ಹೋಗಿ ಮಹದೇವಪುರದ ರಸ್ತೆ ಬದಿಗೆ ಇಳಿಸುತ್ತಿದ್ದ. ಸುಣ್ಣದ ಗೆರೆ ಎಳೆದಿರುತ್ತಿತ್ತು. ಗೆರೆ ಹಿಡಿದು ಎದೆಮಟ್ಟ ಅಗೆಯಬೇಕು, ಪೈಪು ಮಲಗಿಸಬೇಕು, ಮಣ್ಣು ಮುಚ್ಚಬೇಕು. ಪೈಪಿನೊಳಗೆ ಏನು ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮಗಿದ್ದ ಹೆದರಿಕೆ ಬೇರೆ. ಕೆಳಗೆ ಕರೆಂಟಿನ ವೈರಿದೆಯೋ, ನೀರಿನ ಪೈಪಿದೆಯೋ ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ನಮ್ಮವನೊಬ್ಬನ ಪಿಕಾಸಿ ಮುಂಗೈ ದಪ್ಪದ ಫೋನ್ ಕೇಬಲ್ಲಿಗೆ ಬಿತ್ತು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದು ನಿಮ್ಮನೆ ಫೋನು ಸತ್ತಿದೆಯಾ, ನಮ್ಮನೆಯದು ಸತ್ತಿದೆ ಎನ್ನುತ್ತ ನಮ್ಮ ಕಡೆಗೇ ನಡೆಯತೊಡಗಿದರು. ಗುತ್ತಿಗೆದಾರ, "ಮಣ್ಣು ಎಳೀರಿ, ಗಾಡಿ ಹತ್ರಿ" ಅಂದ. ಅವತ್ತಿನಿಂದ ಪಿಕಾಸಿ ಎತ್ತುವ ಮೊದಲು ಕೈಯಿಂದ ಮಣ್ಣು ಕೆದಕಿ ನೋಡುತ್ತಿದ್ದೆ.

ಈಗ ನನ್ನ ಮೊಮ್ಮಗಳು ಇಂಟರ್‌ನೆಟ್ ಕೊಡುವ ಕಂಪನಿಯೊಂದರಲ್ಲಿ ದೂರು ಕೇಳುವ ಕೆಲಸಕ್ಕೆ ಸೇರಿದ್ದಾಳೆ. ಎ.ಸಿ. ಇದೆ, ಕುರ್ಚಿ ತಿರುಗುತ್ತದೆ. ವೈರು ಹೇಗಿರುತ್ತದೆ ಎಂದು ಆಕೆ ನೋಡಿಲ್ಲ. ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಓದು ನಾಲ್ಕನೇ ಇಯತ್ತೆ. ಒತ್ತಕ್ಷರ ತಪ್ಪಿದ್ದರೆ ಅವಳೇ ತಿದ್ದಲಿ.

ಹಲಸೂರಿನಲ್ಲಿ ಸಂಪಂಗಿ ಅಂತ ಒಬ್ಬನದು ಕೇಬಲ್ ಟಿ.ವಿ. ಇತ್ತು. ಎದುರಿಗೆ ಸಾರ್ ಎನ್ನುತ್ತಿದ್ದೆ. ನನಗಿಂತ ಬಹಳ ಚಿಕ್ಕವನು, ಇಲ್ಲಿ ಹೆಸರು ಹಿಡಿದೇ ಬರೆಯುತ್ತೇನೆ. ಟಿ.ವಿ. ಜೊತೆಗೆ ಇಂಟರ್‌ನೆಟ್ಟೂ ಕೊಡುತ್ತೇನೆಂದು ಹೊರಟ. ಮನೆಮನೆಗೆ ಹೊಸ ವೈರು ಎಳೆಯಬೇಕು, ಆದರೆ ಹಗಲು ಹೊತ್ತು ಮನೆಯಲ್ಲಿರುವುದು ಹೆಂಗಸರು. ಶಿವಾಜಿನಗರದ ಗಲ್ಲಿಗಳಲ್ಲಂತೂ ಅವನ ಲೈನ್‌ಮ್ಯಾನುಗಳು ಬಾಗಿಲು ಬಡಿದು ಬಡಿದು ವಾಪಸ್ ಬರುತ್ತಿದ್ದರು. "ಗಂಡಸರು ಬಂದ ಮೇಲೆ ಬನ್ನಿ" ಎಂದು ಒಳಗಿನಿಂದಲೇ ಉತ್ತರ. ಅದೇ ಬೀದಿಯಲ್ಲಿ ನಾವು ಗುಂಡಿ ಮುಚ್ಚುತ್ತಿದ್ದೆವು. ಸಂಪಂಗಿ ನನ್ನನ್ನು ನೋಡಿ ಕೇಳಿದ:

"ಏನಮ್ಮಾ, ಏಣಿ ಹತ್ತಕ್ಕೆ ಬರುತ್ತಾ?"

"ಬಾವಿ ಇಳದಾಕಿ ಅದೀನ್ರಿ. ಏಣಿ ಏನ್ ದೊಡ್ಡದು?"

ಹೀಗೆ ನಾನು ಲೈನ್ ಕೆಲಸಕ್ಕೆ ಸೇರಿದೆ. ಹೆಂಗಸು ಬಂದಿದ್ದಾಳೆ ಎಂದರೆ ಬಾಗಿಲು ತೆರೆಯುತ್ತಿತ್ತು, ನೀರು ಸಿಗುತ್ತಿತ್ತು, ಕೆಲವು ಕಡೆ ಕೂತ್ಕೊಳ್ಳಿ ಎನ್ನುತ್ತಿದ್ದರು. ಕೆಲಸ ಕಲಿಸಿದವನು ಇಮ್ತಿಯಾಜ್, ಶಿವಾಜಿನಗರದವನು, ಸಂಪಂಗಿಯ ಕಂಟ್ರೋಲ್ ರೂಮ್ ನೋಡಿಕೊಳ್ಳುತ್ತಿದ್ದ. ನೀಲಿ ವೈರಿನ ಸಿಪ್ಪೆ ತೆಗೆದರೆ ಒಳಗೆ ಎಂಟು ಎಳೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈ ಸಾಲು ತಪ್ಪಿದರೆ ಇಂಟರ್‌ನೆಟ್ ಇಲ್ಲ. ಬಳೆ ಜೋಡಿಸಿದ ಹಾಗೆ ಜೋಡಿಸಿ, ಜಾಕಿನೊಳಗೆ ತೂರಿಸಿ, ಇಕ್ಕಳದಿಂದ ಒತ್ತಬೇಕು. ಮಂಕು ಬೆಳಕಿನ ಮೆಟ್ಟಿಲಲ್ಲಿ ಕಂದು ಕಿತ್ತಳೆಯಂತೆ ಕಾಣುತ್ತದೆ, ಅದೊಂದು ಜೋಪಾನ.

ಇನ್ನೊಂದು ಜೋಪಾನ, ಬಟ್ಟೆ ಒಣಹಾಕುವ ಹಗ್ಗ. ಹಲಸೂರಿನ ಒಂದು ತಾರಸಿಯಲ್ಲಿ ಆಸರೆಗೆ ಬೇರೇನೂ ಸಿಗದೆ ವೈರನ್ನು ಅಂಥ ಹಗ್ಗದ ಜೊತೆಗೆ ಸುತ್ತಿ ಬಂದಿದ್ದೆ. ಭಾನುವಾರ ಆ ಮನೆಯವರು ನೆಂದ ಕಂಬಳಿ ಎಳೆದು ಹಾಕಿದರು. ಹಗ್ಗ, ವೈರು, ಕಂಬಳಿ ಎಲ್ಲ ಪಕ್ಕದ ಮನೆಯ ಕೋಳಿ ಗೂಡಿನ ಮೇಲೆ. ಎರಡು ಬೀದಿಗೆ ಇಂಟರ್‌ನೆಟ್ ಇಲ್ಲ. ಇಮ್ತಿಯಾಜ್ ಒಂದು ವಾರ ನನ್ನನ್ನು "ಧೋಬಿ ಅಕ್ಕಾ" ಎಂದು ಕರೆದ.

ಎಲ್ಲಕ್ಕಿಂತ ಹೆದರಿಕೆ ಸಿಡಿಲಿನದು. ಪ್ರತಿ ಬೀದಿಯಲ್ಲೂ ಯಾವುದಾದರೊಂದು ತಾರಸಿಯ ಮೇಲೆ, ಮನೆಮನೆಗೆ ಲೈನು ಕವಲೊಡೆಯುವ ನಮ್ಮ ಸ್ವಿಚ್ ಪೆಟ್ಟಿಗೆ ಇರುತ್ತಿತ್ತು. ಬೇಸಿಗೆ ಮಳೆಗೆ ಒಂದು ಸಿಡಿಲು ಹೊಡೆದರೆ ಸಾಲಾಗಿ ಸುಟ್ಟು ಹೋಗುತ್ತಿದ್ದವು. ಆಕಾಶ ಕಪ್ಪಾಯಿತು ಎಂದರೆ ಜನ ಬಟ್ಟೆ ತೆಗೆಯಲು ಓಡುತ್ತಿದ್ದರು. ನಾನು ಯಾವ ಬೀದಿಯಿಂದ ಮೊದಲು ಬೈಗುಳ ಬರುತ್ತದೋ ಎಂದು ಕೂರುತ್ತಿದ್ದೆ.

ಈಗ ಡಬ್ಬದ ವಿಷಯ.

ಸಂಪಂಗಿ ಇಂಟರ್‌ನೆಟ್ಟನ್ನು ತಾನೇ ತಯಾರಿಸುತ್ತಿರಲಿಲ್ಲ. ಅವನಿಗೆ ಅದನ್ನು ಮಾರುವ ದೊಡ್ಡ ಕಂಪನಿಯೊಂದಿತ್ತು. ನಾವು ಮೇಲಿನ ಕಂಪನಿ ಎನ್ನುತ್ತಿದ್ದೆವು. ಅಲ್ಲಿಂದ ಬರುವುದನ್ನೇ ಇವನು ಮನೆಗಳಿಗೆ ಹಂಚುವುದು. ಇಂದಿರಾನಗರದಲ್ಲಿ ಒಂದು ಮನೆಯವರು ಹಗಲಿಡೀ ಸಿನಿಮಾ ಇಳಿಸಿಕೊಳ್ಳುತ್ತಿದ್ದರು. ಅದರಿಂದ ಇಡೀ ಬೀದಿಯ ಇಂಟರ್‌ನೆಟ್ ತೆವಳುತ್ತಿತ್ತು. ಬೈಗುಳ ಸಂಪಂಗಿಗೆ, ಅವನಿಂದ ನಮಗೆ. ಇದಕ್ಕೆ ಔಷಧಿ ಎಂದು ಮೇಲಿನ ಕಂಪನಿಯವರು ಒಂದು ಕಪ್ಪು ಡಬ್ಬ ತಂದು ಕಂಟ್ರೋಲ್ ರೂಮಿನಲ್ಲಿ ಕೂರಿಸಿದರು. ಮೇಲಿನಿಂದ ಬರುವ ವೈರು ಆ ಡಬ್ಬದೊಳಗೆ ಹೋಗಿ, ಆಚೆ ಬಂದು, ಆಮೇಲೆ ಮನೆಗಳಿಗೆ.

"ಅದು ಏನ್ ಮಾಡ್ತದಪಾ?" ಎಂದು ಇಮ್ತಿಯಾಜನನ್ನು ಕೇಳಿದೆ.

"ಏನೇನ್ ಹೋಗ್ತಾ ಇದೆ ಅಂತ ನೋಡುತ್ತೆ ಅಕ್ಕಾ. ಮೇಲ್ ಆದ್ರೆ ಬಿಡುತ್ತೆ. ಸಿನಿಮಾ ಆದ್ರೆ ನಿಧಾನ ಮಾಡುತ್ತೆ. ಕಂಪ್ಯೂಟರ್‌ನಿಂದ ಕಾಲ್ ಮಾಡ್ತಾರಲ್ಲ, ಅದನ್ನೂ ನಿಧಾನ ಮಾಡುತ್ತೆ."

"ಕಾಲ್ ಯಾಕ? ಅದೇನ್ ಸಿನಿಮಾನಾ?"

ಅವನು ನಕ್ಕ. "ಕಂಪ್ನಿದು ಸ್ವಂತ ಕಾಲ್ ಪ್ರೋಗ್ರಾಮ್ ಬಂದಿದೆ ಅಕ್ಕಾ. ಅದು ಮಾತ್ರ ಫುಲ್ ಸ್ಪೀಡ್. ಮಿಕ್ಕಿದ್ದು ಎಲ್ಲಾ ಲೈನಲ್ಲಿ ನಿಲ್ಬೇಕು."

ಅದೇ ಸುಮಾರಿಗೆ ಸಂಪಂಗಿಯಂಥ ಚಿಕ್ಕ ಕೇಬಲ್ಲಿನವರನ್ನೆಲ್ಲ ಇಂದಿರಾನಗರದ ಒಂದು ಹೋಟೆಲಿನ ಹಾಲ್‌ಗೆ ಕರೆದಿದ್ದರು. ಕೆಲಸದವರೂ ಬರಲಿ ಎಂದಿದ್ದಕ್ಕೆ ನಾನೂ ಇಮ್ತಿಯಾಜೂ ಹಿಂದಿನ ಸಾಲಿನಲ್ಲಿ ಕುಳಿತೆವು. ಮೇಲಿನ ಕಂಪನಿಯ ಟೈ ಹಾಕಿದವನೊಬ್ಬ ಡಬ್ಬದ ಗುಣಗಾನ ಮಾಡಿದ. ಹೊರಮಾವಿನ ಒಬ್ಬ ಯಜಮಾನರು ಎದ್ದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿ ತಮ್ಮದೇ ಲೈನು ಶುರು ಮಾಡಿದವರು.

"ರೀ, ನಾನು ಇಲಾಖೇಲಿ ಜೀವಮಾನ ತೆಗೆದಿದ್ದೀನಿ. ಮದುವೆ ಮಾತಾಡ್ತಾರಾ, ಜಗಳ ಆಡ್ತಾರಾ ಅಂತ ನೋಡ್ಕೊಂಡು ಲೈನ್ ಕೊಡ್ತಿರಲಿಲ್ಲ ನಾವು."

"ಅದು ಸರ್ಕಾರಿ ಲೈನು ಸಾರ್," ಅಂದ ಟೈ ಹಾಕಿದವನು. "ಇದು ನಾವು ದುಡ್ಡು ಹಾಕಿ ಎಳೆಸಿರೋದು. ನಮ್ಮ ವೈರಲ್ಲಿ ಏನು ಮೊದಲು ಹೋಗ್ಬೇಕು ಅಂತ ನಾವೇ ಹೇಳ್ಬೇಕಲ್ವಾ?"

"ಹಾಗಾದ್ರೆ ಸರ್ಕಾರ ಒಂದು ರೂಲ್ಸ್ ಮಾಡ್ಲಿ."

ಆಗ ನಮ್ಮ ಸಂಪಂಗಿಯೇ ಎದ್ದ. "ರೂಲ್ಸ್ ಬೇಡ ಗುರುಗಳೇ. ರೂಲ್ಸ್ ಬಂದ್ರೆ ದೊಡ್ಡೋರು ಲಾಯರ್ ಇಟ್ಕೋತಾರೆ. ಸಾಯೋದು ನಮ್ಮಂಥೋರು. ಒಂದ್ ಮನೆಯವನು ಸಿನಿಮಾ ಎಳೆದು ಬೀದಿಯೆಲ್ಲಾ ನನ್ನ ಮನೆ ಮುಂದೆ ಬಂದಾಗ ಯಾವ ಸರ್ಕಾರ ಬರುತ್ತೆ?"

ಯಜಮಾನರ ಮಾತಿನಲ್ಲೂ ಸಂಪಂಗಿಯ ಮಾತಿನಲ್ಲೂ ನಿಜ ಇತ್ತು. ನಾವು ಎಳೆಸಿದ್ದು ಎಂದು ಟೈ ಹಾಕಿದವನು ಅಂದಾಗ, ಎಳೆದವರು ನಾವು ಎಂದು ನನ್ನ ಬಾಯಿಗೆ ಬಂದಿತ್ತು. ಕೂಲಿ ಕೊಟ್ಟಿದ್ದಾರಲ್ಲ ಎಂದು ಸುಮ್ಮನಾದೆ. ಮಾತು ಎಲ್ಲೂ ಮುಟ್ಟದೆ ಊಟಕ್ಕೆ ಕರೆದರು.

ಆಮೇಲೆ ಒಂದು ದಿನ ಕುಕ್ ಟೌನಿನ ಹಳೆಯ ಬಂಗಲೆಯೊಂದರ ತಾರಸಿಗೆ ಹೋಗಬೇಕಾಯಿತು. ಅಳಿಲು ವೈರು ಕಡಿದಿತ್ತು. ಕೆಳಗಿಳಿಯುವಾಗ ಬಂಗಲೆಯ ಹಿಂದಿನ ಚಿಕ್ಕ ಮನೆಯ ಹೆಂಗಸು ಬಂದು ನನ್ನ ತೋಳು ಹಿಡಿದಳು. ಕುತ್ತಿಗೆಯಲ್ಲಿ ಅಳತೆ ಟೇಪು. ಬಾಯಿ ಅಲ್ಲಾಡಿತು, ದನಿ ಹೊರಡಲಿಲ್ಲ. ಒಳಗೆ ಎಳೆದುಕೊಂಡೇ ಹೋದಳು.

ಆಕೆ ಗ್ರೇಸಮ್ಮ. ಹುಟ್ಟಿನಿಂದ ಕಿವುಡಿ, ರವಿಕೆ ಹೊಲಿದು ಜೀವನ. ಓದು ಆಕೆಗೆ ಹತ್ತಿದ್ದಿಲ್ಲ. ಒಬ್ಬಳೇ ಮಗಳು ಶೀಲಾ, ಗಂಡನ ಜೊತೆ ಗಲ್ಫಿನಲ್ಲಿ ನರ್ಸು, ತುಂಬು ಬಸುರಿ. ಇದನ್ನೆಲ್ಲ ನನಗೆ ಹೇಳಿದ್ದು ಮುಂದಿನ ಬಂಗಲೆಯ ಮುದುಕಿ. ತಾಯಿ ಮಗಳು ಇಬ್ಬರೂ ದಿನಾ ಹನ್ನೊಂದು ಗಂಟೆಗೆ ಕಂಪ್ಯೂಟರಿನ ಕ್ಯಾಮೆರಾ ಮುಂದೆ ಕೂತು ಕೈಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಕಲಿಸುವ ಕೈಭಾಷೆಯಲ್ಲ, ಆ ಮನೆಯಲ್ಲೇ ಹುಟ್ಟಿ ಬೆಳೆದದ್ದು. ಅವರಿಬ್ಬರಿಗೆ ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ತಿಳಿಯದು. ಅಳಿಯನಿಗೂ ತಿಳಿಯದು.

ಗ್ರೇಸಮ್ಮ ಕಂಪ್ಯೂಟರ್ ಹಚ್ಚಿ ತೋರಿಸಿದಳು. ಪರದೆಯ ಮೇಲೆ ಮಗಳು ಬಂದಳು. ಕೈ ಎತ್ತಿದಳು. ಅಲ್ಲೇ ನಿಂತಿತು. ಬೆರಳು ಗಲ್ಲದ ಹತ್ತಿರ, ಕಣ್ಣು ಅರ್ಧ ಮುಚ್ಚಿ, ಫೋಟೋ ಹಾಗೆ. ನಾನು ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತಿನ ಮೇಲೆ ಕೈ ಮಡಿಲಲ್ಲಿತ್ತು. ನಡುವೆ ಆ ಕೈ ಏನು ಹೇಳಿತೋ ಯಾರಿಗೆ ಗೊತ್ತು? ನಮ್ಮ ನಿಮ್ಮ ಮಾತು ಮುರಿದು ಬಂದರೆ "ಹಲೋ, ಇನ್ನೊಮ್ಮೆ ಹೇಳು" ಎನ್ನಬಹುದು. ಆಕೆ ಇನ್ನೊಮ್ಮೆ ಹೇಳು ಎಂದು ಕೈ ಮಾಡಿದರೆ ಅದೂ ಆ ಕಡೆ ಮುರಿದೇ ಹೋಗುತ್ತಿತ್ತು.

ಮುದುಕಿ ಹೇಳಿದರು, "ಶೀಲಾಗೆ ಬಿಪಿ ಏರಿದೆಯಂತೆ. ದಿನ ತುಂಬೋ ಮೊದಲೇ ಆಪರೇಷನ್ ಮಾಡ್ತಾರಂತೆ. ಟೈಪ್ ಮಾಡಿ ಕಳಿಸಿದ್ದಳು, ನಾನು ಓದಿದೆ. ಆದ್ರೆ ಬಿಪಿ ಅನ್ನೋದನ್ನ ಕೈಯಲ್ಲಿ ಹೆಂಗಮ್ಮ ಹೇಳೋದು? ಹೊಟ್ಟೆ ಕೊಯ್ತಾರೆ ಅಂತ ತೋರಿಸಿದೆ. ಇವಳು ಮಗಳು ಸತ್ತೇಹೋದಳು ಅಂತ ತಿಳ್ಕೊಂಡು ನೆಲಕ್ಕೆ ಬಿದ್ಬಿಟ್ಟಳು. ಅವತ್ತಿಂದ ನಾನು ಏನ್ ಹೇಳಿದ್ರೂ ನಂಬಲ್ಲ. ಮಗಳನ್ನೇ ನೋಡ್ಬೇಕು ಅಂತಾಳೆ."

"ದೂರು ಕೊಟ್ಟಿಲ್ಲೇನ್ರಿ ಅಮ್ಮಾವ್ರ?"

"ಮೂರು ಸಲ ನಾನೇ ಫೋನ್ ಮಾಡಿ ಬರೆಸಿದ್ದೀನಿ!"

ಆಫೀಸಿಗೆ ಬಂದು ದೂರು ಬರೆದುಕೊಳ್ಳುವ ನಳಿನಿಯನ್ನು ಕೇಳಿದೆ. ಅವಳು ಕಂಪ್ಯೂಟರ್ ನೋಡಿ ಹೇಳಿದಳು:

"ಕುಕ್ ಟೌನ್ ಗ್ರೇಸ್ ತಾನೇ ಅಕ್ಕ? ಮೂರು ಸಲಾನೂ ಕ್ಲೋಸ್ ಮಾಡಿದ್ದೀನಿ. ದೂರು ನಿಜಾನಾ ಅಂತ ವಾಪಸ್ ಫೋನ್ ಮಾಡಿ ಕೇಳ್ಬೇಕು ಅಂತ ರೂಲು. ಆ ಮನೆ ನಂಬರಿಗೆ ಎಷ್ಟು ಸಲ ಮಾಡಿದ್ರೂ ಎತ್ತಲ್ಲ ಅವರು. ಭಾರಿ ಕೊಬ್ಬು."

"ಆಕಿಗೆ ಕಿವಿ ಕೇಳಂಗಿಲ್ಲ ತಾಯಿ."

ನಳಿನಿ ಬಾಯಿ ಮುಚ್ಚಿಕೊಂಡಳು. ಕೆಟ್ಟ ಹುಡುಗಿಯಲ್ಲ. ಮಗಳಿದ್ದಾಗ ಹಾಕಿಸಿದ ಫೋನು ಆ ಮನೆಯಲ್ಲಿ ಬಡಕೊಳ್ಳುತ್ತಲೇ ಇತ್ತು. ಇಲ್ಲಿ ದೂರು ಮುಚ್ಚುತ್ತಲೇ ಇತ್ತು. ದೂರು ಕೇಳುವವರು ಇದೊಂದನ್ನು ನೆನಪಿಡಿ. ಉತ್ತರ ಬರಲಿಲ್ಲ ಎಂದರೆ ತೊಂದರೆ ಇಲ್ಲ ಎಂದಲ್ಲ.

ಸಂಪಂಗಿಯ ಹತ್ತಿರ ಹೋಗಿ, ಕುಕ್ ಟೌನಿನ ಆ ಮನೆಯ ಕಾಲನ್ನು ಡಬ್ಬ ಮುರಿಯುತ್ತಿದೆ ಎಂದೆ.

"ಶರಣಮ್ಮ, ಅವ್ರಿಗೆ ಕಂಪ್ನಿ ಕಾಲ್ ಪ್ರೋಗ್ರಾಮ್ ಹಾಕ್ಕೊಡು. ಅದು ಫಾಸ್ಟಾಗಿದೆ."

"ಅದ್ರಾಗ ಮಾರಿ ಕಾಣಂಗಿಲ್ರಿ ಸಾರ್. ಬರೀ ದನಿ."

"ದನಿ ಸಾಕಲ್ಲಮ್ಮ?"

"ಆಕಿ ಕಿವುಡಿ ಅದಾಳ್ರಿ."

ಅವನು ಪೆನ್ನು ಕೆಳಗಿಟ್ಟ. "ಕಿವಿ ಕೇಳ್ದೇ ಇರೋರು ಕಾಲ್ ಯಾಕ್ ಮಾಡ್ತಾರಮ್ಮ?"

ಬಿಡಿಸಿ ಹೇಳಿದೆ. ಕೇಳಿದ. ಮುಖ ಒರೆಸಿಕೊಂಡ. ಆ ಒಂದು ಮನೆಯ ಕಾಲನ್ನು ಡಬ್ಬ ತಡೆಯದ ಹಾಗೆ ಮಾಡಿ ಎಂದೆ.

"ನನ್ನ ಕೈಲಿಲ್ಲ ಶರಣಮ್ಮ. ಡಬ್ಬದ ಪಾಸ್‌ವರ್ಡ್ ಕಂಪ್ನಿ ಹತ್ರ ಇದೆ. ಫೋನ್ ಮಾಡಿ ಕೇಳಿದ್ರೆ, ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕು ಅಂತಾರೆ. ನಾವೇ ಕೈ ಹಾಕಿದ್ರೆ ಲೈನೇ ಕಟ್. ಹಲಸೂರು, ಕುಕ್ ಟೌನ್ ಎಲ್ಲಾ ಮಲಗುತ್ತೆ. ನಿನ್ ಸಂಬಳ, ಇಮ್ತಿಯಾಜ್ ಸಂಬಳ ಎಲ್ಲಿಂದ ತರ್ಲಿ?"

ಅವನ ಹೆದರಿಕೆ ಸುಳ್ಳಲ್ಲ. ನನಗೂ ಬಾಡಿಗೆ ಕೋಣೆ ಇತ್ತು, ಓದುವ ಮಗನಿದ್ದ. ಬಂದುಬಿಟ್ಟೆ. ಆದರೆ ಆ ಅರ್ಧಕ್ಕೆ ನಿಂತ ಕೈ ಕಣ್ಣಿಂದ ಹೋಗಲಿಲ್ಲ. ನಾಡಿದ್ದೇ ಆಪರೇಷನ್ ಎಂದು ಬಂಗಲೆಯ ಮುದುಕಿ ಹೇಳಿಕಳಿಸಿದಾಗ ಇಮ್ತಿಯಾಜನನ್ನು ಹಿಡಿದೆ.

"ಡಬ್ಬ ಬಿಚ್ಚಕ್ಕಾಗಲ್ಲ ಅಕ್ಕಾ, ಸೀಲ್ ಹಾಕಿದ್ದಾರೆ. ಡಬ್ಬ ತನಕ ಬರೋ ವೈರು ಮಾತ್ರ ಫುಲ್ ಸ್ಪೀಡ್. ಅದಾದ್ಮೇಲೆ ತಾನೆ ಲಫಡಾ?"

"ಹಂಗಾದ್ರ ಆ ಮುಂಚಿನ ವೈರಿಗೇ ಒಂದು ಕಂಪ್ಯೂಟರ್ ಹಚ್ಚು. ಆಕಿನ್ನ ಇಲ್ಲೇ ಕರ್ಕೊಂಡು ಬರ್ತೀನಿ."

"ನನ್ನ ನೌಕರಿ ಹೋಗುತ್ತೆ ಅಕ್ಕಾ!"

"ನಂದೂ ಹೋಗ್ತದ. ಇಬ್ರೂ ಕೂಡಿ ಗುಂಡಿ ಅಗಿಯೋಣು. ನಾ ಕಲಿಸ್ತೀನಿ."

ಅವನು ತಲೆ ಕೆರೆದುಕೊಂಡ. "ಸಾರ್ ನಾಳೆ ಹನ್ನೊಂದಕ್ಕೆ ಮೀಟಿಂಗ್ ಹೋಗ್ತಾರೆ," ಎಂದ ಕೊನೆಗೆ.

ಕಂಟ್ರೋಲ್ ರೂಮ್ ಮೂರನೇ ಮಹಡಿಯಲ್ಲಿತ್ತು. ತಗಡಿನ ಮಾಡು, ಗೋಡೆ ತುಂಬ ಟಿ.ವಿ. ಪೆಟ್ಟಿಗೆಗಳು, ಒಳಗೆ ಒಲೆಯ ಮುಂದೆ ಕೂತಂಥ ಸೆಕೆ. ಗ್ರೇಸಮ್ಮ ತನ್ನ ಕ್ಯಾಮೆರಾವನ್ನು ರವಿಕೆ ಬಟ್ಟೆಯಲ್ಲಿ ಸುತ್ತಿಕೊಂಡು ತಂದಳು. ಇಮ್ತಿಯಾಜ್ ಡಬ್ಬಕ್ಕಿಂತ ಮುಂಚಿನ ವೈರಿಗೆ ಕಂಪ್ಯೂಟರ್ ಹಚ್ಚಿ, ಪ್ಲಾಸ್ಟಿಕ್ ಕುರ್ಚಿ ಹಾಕಿದ. ಶೀಲಾ ಬಂದಳು. ಕೈ ಎತ್ತಿದಳು, ಕೈ ನಡೆಯಿತು! ಬೆರಳು ಗಲ್ಲಕ್ಕೆ, ಎದೆಗೆ, ಹೊಟ್ಟೆಗೆ, ನೀರು ಹರಿದ ಹಾಗೆ. ಗ್ರೇಸಮ್ಮನ ಕೈ ಅದಕ್ಕಿಂತ ಜೋರು. ಬೈಯುತ್ತಿದ್ದಳೋ ಬುದ್ಧಿ ಹೇಳುತ್ತಿದ್ದಳೋ.

ಆಗ ಮೆಟ್ಟಿಲಲ್ಲಿ ಬೂಟಿನ ಸದ್ದು. ಸಂಪಂಗಿ, ಅವನ ಹಿಂದೆ ಅವತ್ತು ಹಾಲ್‌ನಲ್ಲಿದ್ದ ಟೈ ಹಾಕಿದವನು. ಮೀಟಿಂಗ್ ಎಂದರೆ ಈ ಡಬ್ಬವನ್ನು ತಪಾಸಣೆ ಮಾಡುವುದೇ ಆಗಿತ್ತಂತೆ. ಇಮ್ತಿಯಾಜ್ ಗೋಡೆಗೆ ಅಂಟಿಕೊಂಡ. ಗ್ರೇಸಮ್ಮನಿಗೆ ಏನೂ ಕೇಳಿಸಿಲ್ಲ, ಬಾಗಿಲಿಗೆ ಬೆನ್ನು ಹಾಕಿ ಮಾತಾಡುತ್ತಲೇ ಇದ್ದಾಳೆ.

"ಇವರು ಯಾರು?" ಅಂದ ಟೈ ಹಾಕಿದವನು.

ಸಂಪಂಗಿ ನನ್ನನ್ನು ನೋಡಿದ. ಇಮ್ತಿಯಾಜನನ್ನು ನೋಡಿದ. "ನಮ್ ಸ್ಟಾಫೇ ಸಾರ್. ಪಿಕ್ಚರ್ ಟೆಸ್ಟಿಂಗು."

ಆತ ಬಗ್ಗಿ ಪರದೆ ನೋಡಿದ. "ಮಾತಾಡ್ತಾ ಇಲ್ವಲ್ಲ. ಹಾಗಾದ್ರೆ ಕಾಲ್ ಅಲ್ಲ. ಓಕೆ."

ಡಬ್ಬದ ಸೀಲು ಮುಟ್ಟಿ ನೋಡಿ ತೃಪ್ತಿಯಾಗಿ ಹೊರಟ. ಅಷ್ಟರಲ್ಲಿ ಗ್ರೇಸಮ್ಮ ತಿರುಗಿದಳು. ಟೈ ನೋಡಿ, ಈ ವ್ಯವಸ್ಥೆಯೆಲ್ಲ ಇವನೇ ಮಾಡಿಸಿದ್ದು ಎಂದುಕೊಂಡು ಎದ್ದು ನಿಂತು ಕೈ ಮುಗಿದಳು. ಅವನೂ ಮುಗಿದು ಹೋದ.

ಅವನ ಕಾರು ಹೋದ ಮೇಲೆ ಸಂಪಂಗಿ ಮೇಲೆ ಬಂದ. "ನನ್ನ ಮುಳುಗಿಸ್ಬೇಕು ಅಂತಲೇ ಕೆಲಸಕ್ಕೆ ಸೇರಿದ್ದೀರಾ ಇಬ್ರೂ?" ಬಾಯಿಗೆ ಬಂದ ಹಾಗೆ ಬೈದ. ಬೈದು ಮುಗಿದ ಮೇಲೆ, "ಆಪರೇಷನ್ ಆದ್ಮೇಲೆ ಬರ್ಲಿ. ಒಂದೇ ಒಂದು ಸಲ," ಎಂದ.

ಆ ಡಬ್ಬ ಏನಾಯಿತು ಎಂದು ಮೊಮ್ಮಗಳು ಕೇಳುತ್ತಾಳೆ. ಏನೂ ಆಗಲಿಲ್ಲ. ಯಾರೂ ಮುರಿಯಲಿಲ್ಲ, ಆಗ ಯಾವ ರೂಲೂ ಬರಲಿಲ್ಲ. ಕೆಲವು ವರ್ಷದ ಮೇಲೆ ಸಂಪಂಗಿ ಲೈನುಗಳನ್ನೆಲ್ಲ ಮೇಲಿನ ಕಂಪನಿಗೇ ಮಾರಿದ. ಹೊಸ ಡಬ್ಬಗಳು ಎಲ್ಲಿವೆ, ಏನೇನು ನೋಡುತ್ತವೆ ಎಂದು ಆಮೇಲೆ ನಮಗೆ ಯಾರೂ ಹೇಳಲಿಲ್ಲ. ನಮ್ಮ ಲೈನಿನಲ್ಲಿ ಗಂಡಂದಿರು ಗಲ್ಫಿನಲ್ಲಿದ್ದ ಮನೆಗಳು ಇನ್ನೆಷ್ಟೋ ಇದ್ದವು. ಎಲ್ಲರನ್ನೂ ಮೂರು ಮಹಡಿ ಹತ್ತಿಸಿ ಕಂಟ್ರೋಲ್ ರೂಮಿನಲ್ಲಿ ಕೂರಿಸಲು ಆಗುತ್ತದೆಯೇ? ಗ್ರೇಸಮ್ಮನಿಗೆ ಆದದ್ದು ಉಪಕಾರ. ಅದು ಇನ್ನೊಬ್ಬರಿಗೆ ಸಿಕ್ಕುತ್ತದೆ ಎಂಬ ಖಾತ್ರಿ ಇಲ್ಲ. ನನಗೆ ಈಗಲೂ ಕಸಿವಿಸಿ ಆಗುವುದು ಅದಕ್ಕೆ.

ಆಪರೇಷನ್ ದಿನ ದಾಟಿತು. ಗ್ರೇಸಮ್ಮ ಹನ್ನೊಂದಕ್ಕೆ ಬಂದು ಕೂತಳು. ಪರದೆಯಲ್ಲಿ ಯಾರೂ ಇಲ್ಲ. ಮರುದಿನವೂ ಬಂದಳು, ಅದರ ಮರುದಿನವೂ. ಒಂದೇ ಸಲ ಎಂದ ಸಂಪಂಗಿ ಬಾಗಿಲಲ್ಲಿ ಇಣುಕಿ ನೋಡಿ ಸುಮ್ಮನೆ ಹೋಗುತ್ತಿದ್ದ. ಎಲ್ಲಾ ಚೆನ್ನಾಗಿದೆ ಎಂದು ಅಳಿಯ ಬರೆದಿದ್ದಾನೆಂದು ಬಂಗಲೆಯ ಮುದುಕಿ ಕೈ ಮಾಡಿ ಹೇಳಿದರು. ಗ್ರೇಸಮ್ಮ ಮುಖ ತಿರುಗಿಸಿದಳು. ನನಗೂ ನಂಬಿಕೆ ಬರಲಿಲ್ಲ. ಚೆನ್ನಾಗಿದೆ ಎಂದು ಜನ ಯಾವಾಗೆಲ್ಲ ಬರೆಯುತ್ತಾರೆ ಎಂದು ನಾನು ಕಂಡಿದ್ದೇನೆ.

ಒಂದು ದಿನ ಪರದೆ ಹತ್ತಿಕೊಂಡಿತು. ಬಂದವಳು ಶೀಲಾ ಅಲ್ಲ, ಅಳಿಯ. ಗಡ್ಡ ಬಿಟ್ಟಿದ್ದ, ಕಣ್ಣು ಕೆಂಪಗಿದ್ದವು. ಏನೋ ಹೇಳುತ್ತಿದ್ದ. ನಮ್ಮ ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ಕಿವುಡಿಗೆ ಯಾಕೆ ಎಂದು ಯಾರೂ ಹಚ್ಚಿರಲಿಲ್ಲ. ಅವನ ಬಾಯಿ ಅಲ್ಲಾಡುವುದನ್ನು ಈಗ ನಾವೆಲ್ಲರೂ ಕಿವುಡರಾಗಿ ನೋಡಬೇಕಾಯಿತು. ಗ್ರೇಸಮ್ಮ ಕೈ ಮಾಡಿದಳು, ಅವನಿಗೆ ತಿಳಿಯಲಿಲ್ಲ. ಇನ್ನೂ ಜೋರಾಗಿ ಮಾಡಿದಳು. ಅವನು ತಲೆ ಆಡಿಸಿದ, ಅದು ಹೌದೋ ಅಲ್ಲವೋ. ಇಮ್ತಿಯಾಜ್ ಸ್ಪೀಕರ್ ಹುಡುಕಲು ಕೆಳಗೆ ಓಡಿದ. ಗ್ರೇಸಮ್ಮ ನನ್ನ ಮಣಿಕಟ್ಟು ಹಿಡಿದಳು, ಬಳೆ ಒಡೆಯುವ ಹಾಗೆ.

ಆ ಕಡೆ ಚಿತ್ರ ಅಲುಗಾಡಿತು. ಗೋಡೆ ಬಂತು, ಮಾಡು ಬಂತು, ನೆಲ ಬಂತು. ಅವನು ಕ್ಯಾಮೆರಾ ಕಿತ್ತುಕೊಂಡು ನಡೆಯುತ್ತಿದ್ದ. ವೈರು ಸಾಲಲಿಲ್ಲವೋ ಏನೋ, ಒಮ್ಮೆ ಜಗ್ಗಿ ನಿಂತಿತು. ಮತ್ತೆ ಹೊರಟಿತು. ಮಂಚದ ಕಾಲು, ಹಾಸಿಗೆ, ಒಂದು ಬಿಳಿ ಬಟ್ಟೆಯ ಗಂಟು, ಅದರ ಪಕ್ಕ ಶೀಲಾ ಮಲಗಿದ್ದಳು. ಮುಖ ಊದಿತ್ತು. ಒಂದು ಕೈ ಬಟ್ಟೆಯ ಗಂಟಿನ ಮೇಲಿತ್ತು, ಗಂಟಿನೊಳಗೆ ಪುಟ್ಟ ಮುಷ್ಟಿಯೊಂದು ಅಲ್ಲಾಡುತ್ತಿತ್ತು. ಇನ್ನೊಂದು ಕೈ ನಿಧಾನಕ್ಕೆ ಎದ್ದಿತು. ಎಲ್ಲೂ ಮುರಿಯದೆ ಪೂರ್ತಿ ಎದ್ದು, ತಾಯಿಗೆ ಏನೋ ಹೇಳಿ, ಕೆಳಗಿಳಿಯಿತು.

ಗ್ರೇಸಮ್ಮ ನನ್ನ ಮಣಿಕಟ್ಟು ಬಿಟ್ಟಳು. ಎರಡೂ ಕೈ ಬೇಕಾಗಿದ್ದವು.

ಸಂಪಂಗಿ ಯಾವಾಗ ಬಂದು ಹಿಂದೆ ನಿಂತಿದ್ದನೋ, "ಏನಂತೆ ಶರಣಮ್ಮ? ಏನ್ ಹೇಳ್ತಾ ಇದ್ದಾಳೆ ಮಗಳು?" ಎಂದು ಪಿಸುಗುಟ್ಟಿದ.

"ನಮಗ್ಯಾಕ್ರಿ ಸಾರ್ ಅದು?" ಅಂದೆ. "ವೈರು ನೆಟ್ಟಗದ. ಅಷ್ಟ್ ಸಾಕು."

ಅವನು ನನ್ನನ್ನು ಹೊರಗೆ ಕರೆದು ಬಾಗಿಲು ಎಳೆದುಕೊಂಡ. ಸ್ಪೀಕರ್ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದ ಇಮ್ತಿಯಾಜನನ್ನು ಮೆಟ್ಟಿಲ ಮೇಲೇ ತಡೆದ. ನಾವು ಮೂವರೂ ಅಲ್ಲೇ ಕುಳಿತೆವು.